ಮಧುಗಿರಿಯಲ್ಲಿ ಸಿಗ್ನಲ್

ಸೋಮವಾರ ಎಸ್‌ಐಟಿ ಬಡಾವಣೆ, ಮೂರನೇ ಅಡ್ಡರಸ್ತೆ.
ಗೇಟಿನಾಚೆ ನಾಯಿ, ನಾಯಿಯಾಚೆ ವಿಮಲಾಕ್ಷಿ ಮೇಡಂ.
ಕೊರಳಿನ ಗುರುತಿನ ಚೀಟಿ ಎತ್ತಿ ಹಿಡಿದೆ,
ಮಂಗಳಾರತಿ ತಟ್ಟೆಯ ಹಾಗೆ.

ತಿಂಗಳಿಗೆ ಮನೆಯ ಆದಾಯ ಎಷ್ಟು, ಮೇಡಂ?
ಅವರು ಕಾರಿನ ಕಡೆ ನೋಡಲಿಲ್ಲ, ನಾನೂ ನೋಡಲಿಲ್ಲ.
"ಏನ್ ಆದಾಯ ಬಿಡಿ, ಬಂದದ್ದು ಬಂದ ಹಾಗೇ ಹೋಗತ್ತೆ.
ಒಂದು ಮೂವತ್ತು ಅಂತ ಹಾಕಿ."
ಮಹಡಿಯ ಬಾಡಿಗೆ?
"ಅದು ರಿಪೇರಿಗೇ ಸಾಲಲ್ಲ."
ಯಜಮಾನರ ಪೆನ್ಷನ್?
"ಅವರ ಮಾತ್ರೆಗೆ ಸರಿಹೋಗತ್ತೆ."
ಮೂವತ್ತು ಅಂತ ಹಾಕಿದೆ.
ಹೇಳಿದ್ದನ್ನು ಬರೆಯಬೇಕು, ಕಂಡದ್ದನ್ನಲ್ಲ:
ತರಬೇತಿಯ ಮೊದಲ ದಿನವೇ
ನಮ್ಮ ಬಾಯಲ್ಲಿ ಎರಡು ಸಲ ಹೇಳಿಸಿದ್ದರು.

ಬುಧವಾರ ಪಾವಗಡದ ಬಸ್ಸು.
ನಕ್ಷೆಯಲ್ಲಿ ಈ ತಾಲೂಕು ಉದುರಲಿರುವ ಗುಂಡಿ,
ಒಂದೇ ದಾರದಲ್ಲಿ ನೇತಾಡುತ್ತದೆ, ಸುತ್ತ ಆಂಧ್ರ.
ಕನ್ನಡ ದಣಿದಲ್ಲಿ ತೆಲುಗು ಹೆಗಲು ಕೊಡುತ್ತದೆ.

ಕೊಂಡೇತಿಮ್ಮನಹಳ್ಳಿಯ ಕೊನೇ ಮನೆ. ಮಾರೆಕ್ಕ
ಗೋಣಿ ಹಾಸಿ, ಕಾಲು ಚಾಚಿ
(ಮಂಡಿ ಮಡಚುವುದಿಲ್ಲ, ಬೋರಿನ ನೀರು ಮೂಳೆಗಿಳಿದಿದೆ)
ಹುಣಸೆಹಣ್ಣು ಕುಟ್ಟುತ್ತಿದ್ದಳು.
ಬೀಜ ಅತ್ತ, ನಾರು ಇತ್ತ. ಕಿಲೋಗೆ ಎಂಟು ರೂಪಾಯಿ.
ಮೂಟೆ ಸಾಹುಕಾರನದು,
ಬೆರಳ ತುದಿಯ ಕಪ್ಪು ಇವಳದು.

ಕೇಳಿದೆ. ಸುತ್ತಿಗೆ ನಿಲ್ಲಲಿಲ್ಲ.
"ರಾಸ್ಕೋ ಅಮ್ಮಣ್ಣಿ. ಹನ್ನೆರಡು ಸಾವಿರ."

ದಿನಕ್ಕೆ ಎಷ್ಟು ಕಿಲೋ ಆಗತ್ತೆ?
"ಕಣ್ಣು ಕಂಡ್ರೆ ಹದಿನೈದು."
ಮನಸ್ಸಿನಲ್ಲೇ ಗುಣಿಸಿದೆ, ನಾಲ್ಕು ಸಾವಿರವೂ ಮುಟ್ಟಲಿಲ್ಲ.
ನನ್ನ ತುಟಿ ಅಲ್ಲಾಡಿದ್ದು ಕಂಡಿತೇನೋ.
"ಮ್ಯಾಕೆ ಐತೆ." ಮೇಕೆ ಪಾಲಿನದು,
ಎರಡು ಮರಿ ಹಾಕಿದರೆ ಒಂದು ಅವಳದು.
"ಅಳಿಯ ಉಗಾದಿಗೆ ಕಳಿಸ್ತೀನಿ ಅಂದವ್ನೆ."
ಯಾವ ವರ್ಷದ ಉಗಾದಿ ಎಂದು ಕೇಳಲು ಕಾಲಂ ಇರಲಿಲ್ಲ.
"ಬಾಚಿದ ಕೂದ್ಲು ಗೋಡೆ ಸಂದೀಲಿ ಸಿಗಿಸಿವ್ನಿ,
ಸ್ಟೀಲ್ ಪಾತ್ರೆಯೋನು ಬತ್ತಾನೆ. ಅದೂ ಸೇರಿಸ್ಕೋ."

ಪಕ್ಕದ ಮನೆಯವರು, ಎದುರು ಮನೆಯವರು
ಕಾರ್ಡು ಕಿತ್ತುಕೊಳ್ಳುತ್ತಾರೆಂದು ಹೆದರಿ
ಸೊನ್ನೆಯ ಅಕ್ಕಪಕ್ಕವೇ ನಿಂತಿದ್ದರು.
ಇವಳು ಮಾತ್ರ ದನಿ ತಗ್ಗಿಸಿ,
"ಕಮ್ಮಿ ಬರೀಬ್ಯಾಡ ತಾಯಿ.
ನಾಳೆ ಯಾರೋ ಓದಿ, ಮಾರೆಕ್ಕನ ಮನೇಲಿ
ಏನೂ ಇಲ್ವಂತೆ ಅಂದ್ರೆ?"

ಹನ್ನೆರಡು ಸಾವಿರ. ಬರೆದೆ.

ಬೇಲಿಯಾಚೆ ಕಣ್ಣು ಹೋದಷ್ಟೂ ಸೋಲಾರ್ ಹಲಗೆ.
"ಅಲ್ಲಿ ಕಳ್ಳೇಕಾಯಿ ಹೊಲ್ದಾಗೆ ಕಳೆ ಕೀಳ್ತಿದ್ದೆ.
ಈಗ ಭೂಮಿ ಇದ್ದೋರಿಗೆ ಬಾಡಿಗೆ ಬತ್ತೈತೆ.
ಕಳೆ ಕಿತ್ತೋಳಿಗೆ ಯಾರು ಕೊಡ್ತಾರೆ ಬಾಡಿಗೆ?"
ಅಂದು, ತನ್ನ ಮಾತಿಗೆ ತಾನೇ ನಕ್ಕಳು,
ಕಂದು ಗೆರೆಯ ಹಲ್ಲುಗಳಲ್ಲಿ.

ಹೊರಡುವಾಗ ಅವಳ ಸರದಿ.
ನಿಂಗೆಷ್ಟು ಕೊಡ್ತಾರೆ?
ಮನೆಗೆ ನೂರಾ ಹತ್ತು, ಅಂದೆ. ಎರಡು ತಿಂಗಳಿಂದ ಬಂದಿಲ್ಲ.
ಸುತ್ತಿಗೆ ಆಗ ನಿಂತಿತು.
ಸಾಹುಕಾರನ ಮೂಟೆಯಿಂದ ಒಂದು ಹಿಡಿ ತೆಗೆದು
ಹಳೇ ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿ,
"ತೂಕದಾಗೆ ಇಷ್ಟು ಗಾಳಿಗೋಗ್ತೈತೆ, ಇಟ್ಕೋ."

ಸೋಮವಾರ ಸರ್ವರ್ ಮಲಗಿತ್ತು, ಇಲ್ಲಿ ಟವರ್ ಇರಲಿಲ್ಲ.
ಸಿಗ್ನಲ್ ಸಿಕ್ಕಿದ್ದು ಮಧುಗಿರಿಯಲ್ಲಿ,
ಬಸ್ಸು ಟೀಗೆ ನಿಂತಾಗ, ಬೆಟ್ಟ ಕಪ್ಪಾಗುತ್ತಿದ್ದಾಗ.
ಎರಡು ಮನೆಗಳೂ ಒಟ್ಟಿಗೇ ಮೇಲೇರಿದವು:
ಮೂವತ್ತು. ಹನ್ನೆರಡು.
ಒಂದೇ ಜಿಲ್ಲೆ, ಒಂದೇ ಕಡತ.
ವಿಮಲಾಕ್ಷಿ ಇಳಿದು, ಮಾರೆಕ್ಕ ಹತ್ತಿ,
ಒಬ್ಬರ ಮನೆಗೊಬ್ಬರು ಹೋಗಿ
ಒಂದು ಲೋಟ ಸಕ್ಕರೆ ಕಡ ಕೇಳುವಷ್ಟು ಹತ್ತಿರ.

ರಾತ್ರಿ ಸಾರಿಗೆ ಪೊಟ್ಟಣ ಬಿಚ್ಚಿದೆ.
ಹುಣಸೆ ಬೆವೆತು ಜೂನ್ ತಿಂಗಳಿಗೆ ಅಂಟಿತ್ತು.
ಕಿವುಚುವಾಗ ಬೆರಳಿಗೆ ಸಿಕ್ಕಿತು ಒಂದು ಬೀಜ,
ಇನ್ನೊಂದು, ಮತ್ತೊಂದು.
ಕಣ್ಣು ಕಂಡರೆ ಹದಿನೈದು ಅಂದಿದ್ದಳು.
ಅದೂ ಹೆಚ್ಚೇ ಇರಬೇಕು.