ಹೇಳಬೇಡ, ತೋರಿಸು

ಕಿಟಕಿಯ ಕಟ್ಟೆಯ ಮೇಲೆ ರಾತ್ರಿಯಿಡೀ
ಬಂದರಿನಿಂದ ಹಾರಿಬಂದು ಕೂತ ಕಲ್ಲಿದ್ದಲ ಹುಡಿ.
ಬೆರಳಾಡಿಸಿದರೆ ಅಕ್ಷರ ಮೂಡುತ್ತದೆ.
ಎದ್ದವಳೇ ಒಂದು ಸಾಲು ಬರೆಯುತ್ತೇನೆ.
ಅವ್ವನಿಗೆ ಓದು ಬಾರದು; ಒದ್ದೆ ಅರಿವೆ ತಂದು
ಒಂದೇ ಎಳೆತಕ್ಕೆ ಒರೆಸುತ್ತಾಳೆ.
ನಾನು ಕಂಡ ಅತಿ ಕಟ್ಟುನಿಟ್ಟಿನ ಸಂಪಾದಕಿ.

ಅಷ್ಟೊತ್ತಿಗೆ ನಲವತ್ತು ರೊಟ್ಟಿ ಆಗಿರುತ್ತವೆ.
ಇನ್ನೂ ಅರವತ್ತು. ಏಳೂವರೆಗೆ ಹಡಗಿನ ಕೆಲಸದವರು
ಬುತ್ತಿ ಕಟ್ಟಿಸಿಕೊಳ್ಳಲು ಬರುತ್ತಾರೆ.
ತಟ್ ತಟ್, ತಿರುವು. ತಟ್ ತಟ್, ತಿರುವು.
ಮಾತ್ರೆ ತಪ್ಪಿದರೆ ಅಂಚು ಹರಿಯುತ್ತದೆ.

ವಾಸ್ಕೋದ ಬಸ್ಸು. ಕಂಡಕ್ಟರ್ ಗಾಂವಕರ್ ಮಾಮ
ಎರಡು ವರ್ಷದಿಂದ ದಿನವೂ ನನ್ನ ಮುಖ ನೋಡುವವನು.
‘ಪಾಸಿದೆ’ ಎಂದರೆ ‘ಸಾಂಗೂ ನಾಕಾ, ದಾಖಯ್’ ಅನ್ನುತ್ತಾನೆ.
ಹೇಳಬೇಡ, ತೋರಿಸು.
ಚೀಲದಲ್ಲಿ ತಡಕಾಡುತ್ತಲೇ ಝುವಾರಿ ಸೇತುವೆ ದಾಟಿತು;
ಇವತ್ತೂ ನದಿ ನೋಡಲಾಗಲಿಲ್ಲ.

ಹತ್ತೂಕಾಲಿಗೆ ಮಿನೇಜಿಸ್ ಮೇಡಂ ಬೋರ್ಡಿನ ಮೇಲೆ
ದೊಡ್ಡದಾಗಿ ಬರೆದದ್ದೂ ಅದನ್ನೇ, ಇಂಗ್ಲಿಷಿನಲ್ಲಿ.
ನಕ್ಕುಬಿಟ್ಟೆ. ಯಾಕೆಂದು ಕೇಳಿದರು.
ಹೇಳುವ ಹಾಗಿರಲಿಲ್ಲ. ತೋರಿಸಲು ಬಸ್ಸು ಇರಲಿಲ್ಲ.

ಆಮೇಲೆ ನನ್ನ ಪದ್ಯದ ಸರದಿ. ಕನ್ನಡದಲ್ಲಿ ಬರೆದು
ನಾನೇ ಇಂಗ್ಲಿಷಿಗೆ ದಾಟಿಸಿದ್ದು.
ಹನ್ನೊಂದು ಜನ ಪೆನ್ಸಿಲು ಹಿಡಿದು ಕೂತರು.
ಜೆನೋವಿಯಾಗೆ ಬಹಳ ಹಿಡಿಸಿತಂತೆ: ಮುಂಜಾವದ ಸೈಕಲ್ಲು,
ಪೊದೇರನ ಪೊಂ ಪೊಂ, ಬುಟ್ಟಿಯೊಳಗಿನ ಬಿಸಿ ಪಾವು
ಎಲ್ಲ ಕಣ್ಣಿಗೆ ಕಟ್ಟಿತಂತೆ.
ನನ್ನ ಜೋಳದ ರೊಟ್ಟಿ ಅಲ್ಲಿಗೆ ಹೋಗಿ
ಉಬ್ಬಿ ಕೂತಿದೆ, ಒಳಗೆಲ್ಲ ಗಾಳಿ.
ಅಲ್ಲವೆನ್ನಲು ಮನಸ್ಸಾಗಲಿಲ್ಲ. ಇಷ್ಟು ಅಕ್ಕರೆಯಿಂದ
ಯಾರೂ ನನ್ನನ್ನು ತಪ್ಪಾಗಿ ಓದಿರಲಿಲ್ಲ.

ಮಧ್ಯಾಹ್ನ ಗ್ರಂಥಾಲಯದ ಹಿಂದಿನ ಜೆರಾಕ್ಸ್ ಅಂಗಡಿ.
ಕಥೆಗೆ ಹದಿನಾಲ್ಕು ಪುಟ, ಕೈಯಲ್ಲಿ ಹನ್ನೆರಡರ ದುಡ್ಡು.
ಅಂಗಡಿಯವನು ಸಾಹಿತ್ಯಪ್ರೇಮಿಯಲ್ಲ.
ಒಬ್ಬ ಹೆಂಗಸು ನಡುರಾತ್ರಿ ಮನೆ ಬಿಟ್ಟು
ದೋಣಿಯ ತನಕ ಬಂದಿದ್ದಾಳೆ.
ಹತ್ತಿದಳೋ, ತಿರುಗಿ ಹೋದಳೋ
ಸೋಮವಾರದವರೆಗೆ ತಿಳಿಯದು.

ರಾತ್ರಿ ನಾಳಿನ ಹಿಟ್ಟು ಸಾಣಿಸುತ್ತ ಅವ್ವ,
‘ಇವತ್ತೇನ ಕಲಿಸಿದ್ರು?’
ಆ ಕಥೆ ಹೇಳಿದೆ, ದೋಣಿಯವರೆಗೆ.
‘ಮುಂದ?’
‘ಗೊತ್ತಿಲ್ಲವ್ವ. ರೊಕ್ಕ ಅಲ್ಲಿಗೇ ಮುಗೀತು.’

ಜರಡಿ ನಿಂತಿತು.
‘ಹತ್ತಿರ್ತಾಳ ತಗೋ. ಕೈಯಾಗ ಚಪ್ಪಲಿ ಹಿಡಕೊಂಡಿರ್ತಾಳ,
ಎರಡೂ ಎಡಗಾಲಿನವು. ಕತ್ತಲಾಗ ಗೊತ್ತಾಗಿರೂದಿಲ್ಲ.
ದಂಡಿಗೆ ಮುಟ್ಟಿದ ಮ್ಯಾಲ ನೋಡ್ಕೊಂಡು ನಕ್ಕಿರ್ತಾಳ.’

ಪೆನ್ನು ತೆರೆದೆ, ಮುಚ್ಚಿದೆ.
ನಮ್ಮ ಗೋಡೆಯ ಮೇಲೆ ಅಪ್ಪನ ಫೋಟೋ ಯಾಕಿಲ್ಲವೆಂದು
ಚಿಕ್ಕವಳಿದ್ದಾಗ ಒಮ್ಮೆ ಕೇಳಿ ಬಿಟ್ಟಿದ್ದೆ.
ಜರಡಿ ಮತ್ತೆ ಶುರುವಾಯಿತು.

ದೀಪ ಆರಿಸುವಾಗ ಅಂದಳು:
‘ಸೋಮಾರ ಆ ಎರಡು ಹಾಳಿ ತಂದಮ್ಯಾಲ
ನನ್ನ ಮಾತು ಖರೇ ಆತೋ ಇಲ್ಲೋ,
ಹೇಳ ಮತ್ತ.’