ಆರಿಸುವುದು

ಮೊದಲ ದಿನ ಯಾಂಕೊ ಕೇಳಿದ್ದು ಊರಲ್ಲ, ಊಟವಲ್ಲ,
'ಯಾವ ಎಡಿಟರಿನಲ್ಲಿ ಬರೆಯುತ್ತೀ?'
ದೋಣಿ ಕಚೇರಿಯ ಕಿಟಕಿ ಹಲ್ಲು ಕಡಿಯುತ್ತಿತ್ತು.
ಪುಂತಾ ಅರೇನಾಸಿನ ಗಾಳಿ;
ಚಿಲೋಯೆ ದ್ವೀಪದಿಂದ ತಂದ ನನ್ನ ಟೋಪಿ
ಆಗಲೇ ಜಲಸಂಧಿಯ ಪಾಲು.

'ಇನ್ನೂ ಆರಿಸಿಲ್ಲ' ಅಂದೆ.
ಕುರ್ಚಿ ಎಳೆದುಕೊಂಡು ತನ್ನ ಮತ ಬೋಧಿಸಿದ:
ಮೌಸ್ ಮುಟ್ಟಿದರೆ ಮಡಿ ಕೆಟ್ಟಿತು.
ಇಲ್ಲಿ ಅಕ್ಷರವೇ ಆಜ್ಞೆ,
ಡಿ ಒತ್ತಿ, ಇನ್ನೊಮ್ಮೆ ಡಿ ಒತ್ತು, ಇಡೀ ಸಾಲು ಮಾಯ.
'ಹೊರಬರುವುದು ಹೇಗೆ?'
'ಅದನ್ನು ಆಮೇಲೆ ಹೇಳಿಕೊಡುತ್ತೇನೆ.'

ಎಲೆಯೊದೋರೊ ಅವರದು ಬೇರೆ ಪಂಥ.
ಕಪ್ಪು ಹಿನ್ನೆಲೆ, ಎಂಟು ಬಣ್ಣ,
ಅರ್ಧ ಪದಕ್ಕೇ ಉಳಿದರ್ಧ ತಂದು ನಿಲ್ಲುವ
ಅತಿವಿನಯದ ಮಾಣಿ.
ಕಂಸ ತೆರೆದರೆ ಅದೇ ಮುಚ್ಚಿಕೊಡುತ್ತದೆ.
ಅವರ ಮೇಜಿನ ಡ್ರಾಯರು ಮಾತ್ರ
ಸದಾ ಬಾಯಿ ತೆರೆದೇ ಇರುತ್ತಿತ್ತು.

ಒಂದು ವಾರ ಇದು, ಒಂದು ವಾರ ಅದು.
ಚಪ್ಪಲಿ ಅಂಗಡಿಯಲ್ಲಿ ಕೂತವನ ಹಾಗೆ
ಎಡಗಾಲಿಗೊಂದು, ಬಲಗಾಲಿಗೊಂದು.
ಬಣ್ಣ ಬದಲಿಸಿದೆ, ಅಕ್ಷರದ ಚಹರೆ ಬದಲಿಸಿದೆ,
ಬರೆಯುವುದೊಂದು ಬಿಟ್ಟು ಎಲ್ಲ ಮಾಡಿದೆ.

ಮೂಲೆಯಲ್ಲಿ ನೆವೆಂಕಾ ಬಾರ್ರಿಯಾ.
ನಾನು ಎಡಿಟರು ಆರಿಸುತ್ತಿದ್ದೆ,
ಅವರು ಪರದೆಯನ್ನೇ ಆರಿಸಿ ಕೂತಿದ್ದರು.
ಅವರದು ಏನನ್ನೂ ತೋರಿಸದ ಎಡಿಟರು.
ಸಂಖ್ಯೆ ಕೊಟ್ಟರೆ ಆ ಒಂದು ಸಾಲು, ಅಷ್ಟೆ.
ತಪ್ಪಿದರೆ ಒಂದು ಪ್ರಶ್ನಾರ್ಥಕ ಚಿಹ್ನೆ;
ಏನು, ಎಲ್ಲಿ, ಯಾಕೆ, ತುಟಿ ಬಿಚ್ಚದು.
ಸಾಲನ್ನು ಕಿವಿಗೆ ಓದುವ ಯಂತ್ರದ ದನಿ
ಮ್ಯಾಡ್ರಿಡ್ಡಿನವನದು.
ನಮ್ಮ 'ಸಿಂಕೊ' ಅವನ ಹಲ್ಲಿಗೆ ಸಿಕ್ಕಿ 'ಥಿಂಕೊ'.
'ಹನ್ನೊಂದು ವರ್ಷದಿಂದ ಕಿವಿಯಲ್ಲೊಬ್ಬ ಸಾಹೇಬ' ಅನ್ನುತ್ತಾರೆ.
'ಬೇರೆ ದನಿ ಹಾಕಿಸಬಾರದೆ?'
'ಬೈಯಲು ಯಾರಾದರೂ ಬೇಕಲ್ಲ.'

ಕಣ್ಣು ಒಮ್ಮೆಲೇ ಹೋದದ್ದಲ್ಲವಂತೆ.
ಮೊದಲು ಅಂಚು, ಆಮೇಲೆ ಬಣ್ಣ,
ಆಮೇಲೆ ಅಲ್ಪವಿರಾಮಗಳು.
ಒಂದೊಂದೇ ಎಡಿಟರು ಬಿಡುತ್ತಾ ಇಲ್ಲಿಗೆ ಬಂದರು.
'ನಾನು ಆರಿಸಿದ್ದಲ್ಲ ಹುಡುಗಾ, ಉಳಿದದ್ದು.'
ಸ್ವಲ್ಪ ತಡೆದು:
'ಸುಳ್ಳು. ಎರಡು ಉಳಿದಿದ್ದವು.
ಇನ್ನೊಂದು ಬಹಳ ಮಾತಾಡುತ್ತಿತ್ತು.'

ಆಗಸ್ಟಿನ ಒಂದು ಗುರುವಾರ, ಗಾಳಿ ಐವತ್ತು ನಾಟ್.
ಪೊರ್ವೆನಿರಿಗೆ ದೋಣಿ ಬಿಡಬಹುದೆಂದು
ನಮ್ಮ ಪ್ರೋಗ್ರಾಮು ಹಸಿರು ತೋರಿಸುತ್ತಿತ್ತು.
ಫೋನಿನಲ್ಲಿ ಕಪ್ತಾನ:
'ನಿಮ್ಮ ಯಂತ್ರಕ್ಕೆ ಕಿಟಕಿ ಇಲ್ಲವೇನ್ರೀ?'

ಮೂವರೂ ಹುಡುಕಿದೆವು.
ಅಂಕಿಗಳೆಲ್ಲ ಕಿತ್ತಳೆ ಬಣ್ಣದಲ್ಲಿ
ಹಬ್ಬದ ಮಕ್ಕಳಂತೆ ಮಿಂಚುತ್ತಿದ್ದವು.
ಯಾಂಕೊ ಸಾಲಿನಿಂದ ಸಾಲಿಗೆ ಹಾರಿದ,
ಎಲೆಯೊದೋರೊ ಕನ್ನಡಕ ಒರೆಸಿದರು.
ನಾನು ಆ ಸಾಲನ್ನು ಹತ್ತು ಸಲ ಓದಿದೆ.
ಕಣ್ಣು ದಾಕ್ಷಿಣ್ಯದ್ದು,
ಬೇಕಾದ್ದನ್ನೇ ಓದಿಕೊಂಡಿತು.

ನೆವೆಂಕಾ ಸಂಖ್ಯೆ ಕೊಟ್ಟರು. ಸಾಹೇಬ ಓದಿದ:
'ಥಿಂಕ್ವೆಂತಾ ಇ ಕ್ವಾತ್ರೊ.'
'ನಿಲ್ಲಿ' ಅಂದರು.
'ಇವನ ತೊದಲು ಕೊನೆಯಲ್ಲಿ ಬರಬೇಕಿತ್ತು,
ಮೊದಲೇ ಬಂತು.'

ನಲವತ್ತೈದು ಇರಬೇಕಾದಲ್ಲಿ ಐವತ್ತನಾಲ್ಕು.
ಬರೆದವನು ನಾನು,
ಯಾವ ನೀಲಿ ಚೆಂದವೆಂದು ನೋಡುತ್ತಿದ್ದ ವಾರ.
ಯಾರೂ ಕೇಳಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು.
ತಿದ್ದಿ ಉಳಿಸಿದರು.
ಎಡಿಟರು ಅಕ್ಷರಗಳ ಲೆಕ್ಕ ಒಪ್ಪಿಸಿತು:
ಮೊದಲು ಎಷ್ಟಿತ್ತೋ ಅಷ್ಟೇ.

ಸಂಜೆ ಚೌಕದಲ್ಲಿ ನಡೆಯುವವರಿಗೆಂದು ಹಗ್ಗ ಬಿಗಿದಿದ್ದರು.
ಮುಂದೆ ನೆವೆಂಕಾ, ಹಿಂದೆ ನಾನು,
ಅವರಿಗೆ ದಾರಿ ತೋರಿಸಲೆಂದು ಬಂದವನು
ಅವರ ಕೋಟು ಹಿಡಿದಿದ್ದೆ.
'ನಾಳೆಯಿಂದ ನಿಮ್ಮದನ್ನೇ ಕಲಿಯುತ್ತೇನೆ' ಎಂದು ಕೂಗಿದೆ.
'ಯಾಕೆ? ನಿನಗೆ ಪ್ರಶ್ನಾರ್ಥಕ ಚಿಹ್ನೆ ಸಾಲದೆ?'
ಹಾಗೆಂದರೇನೆಂದು ಕೇಳಬೇಕೆನ್ನುವಷ್ಟರಲ್ಲಿ
ಬಾಯ್ತುಂಬ ಗಾಳಿ.

ಎಷ್ಟೋ ಹಿಂದೆ, ಅದೇ ಹಗ್ಗಕ್ಕೆ ಜೋತುಬಿದ್ದು
ಯಾಂಕೊ ಏನೋ ಕಿರುಚುತ್ತಿದ್ದ,
ಹೊರಬರುವುದು ಹೇಗೆಂದು
ಕೊನೆಗೂ ಹೇಳಿಕೊಡುತ್ತಿದ್ದನೇನೋ.