ಎರಡು ಬೆರಳು ಎತ್ತರ

ಹತ್ತನೇ ನಂಬರಿನ ಸ್ಪ್ಯಾನರಿಗೆ
ಎಡಗಡೆಯ ಬೋಲ್ಟು ಜಗ್ಗಲಿಲ್ಲ.
ಎಣ್ಣೆ ಬಿಟ್ಟೆ, ಚಹಾ ಕುಡಿದೆ, ಬೈದೆ.
ಪಕ್ಕದ ಮನೆಯ ಡೊರೀನ್, ಎಪ್ಪತ್ತು ದಾಟಿದವಳು,
ಬಂದು ಸುತ್ತಿಗೆಯಲ್ಲಿ ಒಂದೇ ಒಂದು ಕೊಟ್ಟಳು.
ಕಂಪನಿ ಸೀಟು ಮೇಲೆದ್ದಿತು.

ಸೀಟೆಂದರೆ ಹಲಗೆ.
ಕೀತ್ಲಿಯಿಂದ ವಿಟ್ಬಿಗೆ ಹೋಗಿಬಂದ ರಾತ್ರಿ
ನಿಂತೇ ಉಂಡಿದ್ದೆವು ಇಬ್ಬರೂ,
ಅಡುಗೆಕಟ್ಟೆಯ ಮೇಲೆ ತಟ್ಟೆ ಇಟ್ಟು.
ಕೂತು ಉಣ್ಣುವವರಿಗೆ ಕುಡಿಕೆ ಹೊನ್ನು ಸಾಲದಂತೆ;
ನಮ್ಮ ಹೊನ್ನು ಭದ್ರವಾಗಿತ್ತು.

ಸೀಟಿನಡಿ ಒಣ ಎಲೆ, ಮಾಸಿದ ಪಾರ್ಕಿಂಗ್ ಚೀಟಿ,
ನಾನೇ ಕಳೆದೆನೆಂದು ಏಳು ವರ್ಷದಿಂದ
ಮಂದಾಕಿನಿ ದೂರುತ್ತಿದ್ದ ಕೂದಲ ಕ್ಲಿಪ್ಪು.
ಜೇಬಿಗಿಳಿಸಿದೆ. ಈಗಲೇ ಬೇಡ.

ಹೊಸದು ಜೆಲ್ಲಿನದು.
ಹೆಬ್ಬೆರಳು ಒತ್ತಿ ಬಿಟ್ಟರೆ
ಹುದುಗಿದ ಹಿಟ್ಟಿನ ಹಾಗೆ ನಿಧಾನ ಏಳುತ್ತದೆ.
ನೇರ ಹೊಲಿಗೆ. ಯಾರ ಗುರುತೂ ಇಲ್ಲ.
ಹಳೆಯದರಲ್ಲಿ ಎರಡು ಗುಳಿ:
ಮುಂದಿನದು ನನ್ನದು, ಅಗಲ;
ಹಿಂದಿನದು ಕೊಂಚ ಎಡಕ್ಕೆ ವಾಲಿದ್ದು.
ಆಪರೇಷನ್ನಿಗೂ ಎಷ್ಟೋ ಮೊದಲು
ನೋಯುವ ಸೊಂಟವನ್ನು ಹಾಗೆ ಜರುಗಿಸಿ ಕೂತಿರುತ್ತಿದ್ದಳೆಂದು
ಫೋಮಿಗೆ ಗೊತ್ತಿತ್ತು,
ನನಗಲ್ಲ.

ಆಗಸ್ಟಿನ ಭಾನುವಾರ. ಪಿಕರಿಂಗ್ ದಾಟಿದರೆ
ಗುಡ್ಡವೆಲ್ಲ ನೇರಳೆ ಹೂವು.
ಹನ್ನೊಂದು ವರ್ಷ ನನ್ನ ಹೆಲ್ಮೆಟ್ಟಿನ ಬೆನ್ನನ್ನೇ ನೋಡಿದವಳು
ಈಗ ಎರಡು ಬೆರಳು ಎತ್ತರ.
ಭುಜದ ಮೇಲಿಂದ ರಸ್ತೆ ಕಾಣುತ್ತದೆ ಅವಳಿಗೆ.
‘ಕುರಿ!’ ಎನ್ನುತ್ತಾಳೆ. ‘ನಿಧಾನ. ತಿರುವು.’
ಆಮೇಲೆ ಬಹಳ ಹೊತ್ತು ಮಾತಿಲ್ಲ.
ಆಮೇಲೆ, ಕಿವಿಯ ಹತ್ತಿರ ಬಾಗಿ, ಕೂಗಿ:
‘ಇಷ್ಟು ದಿನ ಇದನ್ನೆಲ್ಲ
ನೀವೊಬ್ಬರೇ ನೋಡಿದಿರಾ?’